ಜಯಂತಿಯ ಫಾರಮ್ಮಿನಲ್ಲಿ ನಾನು ಬರೆದದ್ದು

ಕಾಪುವಿನ ಜಯಂತಿ ಎಂಬ ಹುಡುಗಿಗೆ ಪಿಯುಸಿಯಲ್ಲಿ ಸಯನ್ಸ್ ಸಿಗಲಿಲ್ಲ. ಅಂಕ ಸಾಲದೆಂದು ಕಾಲೇಜಿನವರು ಕೊಡಲಿಲ್ಲ ಎಂದು ಅವಳು ಹನ್ನೊಂದು ವರ್ಷ ನಂಬಿದ್ದಳು. ಅವಳ ತಾಯಿ ನಂಬಿದ್ದರು, ಮುಂಬಯಿಯಲ್ಲಿದ್ದ ತಂದೆಯೂ ನಂಬಿದ್ದರು. ಅದು ಸುಳ್ಳು. ಕಾಲೇಜಿನವರು ಇಲ್ಲವೆಂದದ್ದಲ್ಲ — ಅವರನ್ನು ಯಾರೂ ಕೇಳಿರಲೇ ಇಲ್ಲ. ಅವಳ ಅರ್ಜಿಯಲ್ಲಿ ಸಯನ್ಸ್ ಎಂದು ಬರೆಯಬೇಕಾದ ಜಾಗದಲ್ಲಿ ಆರ್ಟ್ಸ್ ಎಂದು ಬರೆದವನು ನಾನು. ತಿಳಿಯದೆ ಬರೆದದ್ದಲ್ಲ, ಅವಸರದಲ್ಲಿ ಕೈತಪ್ಪಿದ್ದೂ ಅಲ್ಲ. ಸಿಟ್ಟಿನಿಂದ ಬರೆದದ್ದು.

ಇಷ್ಟು ಬರೆದು ಒಮ್ಮೆ ಎದ್ದು ಹೋಗಿ ನೀರು ಕುಡಿದು ಬಂದೆ. ಏನೂ ಆಗಲಿಲ್ಲ, ಮನೆ ಇದ್ದ ಹಾಗೆಯೇ ಇದೆ, ಹೆಂಡತಿ ಹಿತ್ತಿಲಲ್ಲಿ ಬಸಳೆಗೆ ಚಪ್ಪರ ಕಟ್ಟುತ್ತಿದ್ದಾಳೆ. ಇಷ್ಟು ಸುಲಭವಾಗಿದ್ದರೆ — ಹನ್ನೊಂದು ವರ್ಷ ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಕೇಳಿ. ಅದಕ್ಕೂ ಉತ್ತರ ಇಲ್ಲಿಯೇ ಇದೆ, ಆದರೆ ಕ್ರಮವಾಗಿ ಹೇಳಬೇಕು. ನಾನು ಲೆಕ್ಕದ ಮಾಸ್ಟ್ರು. ಹಂತ ಬಿಟ್ಟು ನೇರ ಉತ್ತರ ಬರೆದ ಮಕ್ಕಳಿಗೆ ಅಂಕ ಕಡಿದವನು.

ನನ್ನ ಸ್ವಂತ ಊರು ಕಾರ್ಕಳ, ಕೆಲಸ ಮಾಡಿದ್ದು ಕಾಪುವಿನ ಒಂದು ಹೈಸ್ಕೂಲಿನಲ್ಲಿ. ಪಾಠಕ್ಕಿಂತ ಹೆಚ್ಚು ಹೆಸರು ನನಗೆ ಬಂದದ್ದು ಮೇ ತಿಂಗಳ ಕೆಲಸದಿಂದ. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು — ಸಯನ್ಸಾ, ಕಾಮರ್ಸಾ, ಆರ್ಟ್ಸಾ — ಎಂದು ಊರಿನವರು ಕೇಳುತ್ತಿದ್ದದ್ದು ನನ್ನನ್ನು. ನಾನು ಉಡುಪಿಗೆ ಹೋಗಿ ಕಾಲೇಜಿನಿಂದ ಖಾಲಿ ಫಾರಮ್ಮುಗಳ ಕಟ್ಟು ತರುತ್ತಿದ್ದೆ. ಆ ಹೊತ್ತಿಗೆ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಅಪ್ಪಂದಿರು ರಜೆಗೆ ಊರಿಗೆ ಬಂದಿರುತ್ತಿದ್ದರು. ಮಳೆ ಹಿಡಿಯುವ ಮೊದಲು ಹಿಂದಿರುಗಬೇಕು. ಫಲಿತಾಂಶ ಬರುವವರೆಗೆ ಕೂತಿರಲು ಅವರಿಗೆ ಪುರುಸೊತ್ತು ಇಲ್ಲ. ಹಾಗಾಗಿ ನಮ್ಮಲ್ಲಿ ಒಂದು ಕ್ರಮವೇ ಬಂದುಬಿಟ್ಟಿತ್ತು — ಅಪ್ಪ ಖಾಲಿ ಫಾರಮ್ಮಿಗೆ ಸಹಿ ಹಾಕಿ ನನ್ನ ಕೈಯಲ್ಲಿ ಕೊಟ್ಟು ಬಸ್ಸು ಹತ್ತುವುದು, ಫಲಿತಾಂಶ ಬಂದ ಮೇಲೆ ಉಳಿದದ್ದೆಲ್ಲವನ್ನೂ ನಾನು ತುಂಬಿಸಿ ಎಲ್ಲವನ್ನೂ ಒಟ್ಟಿಗೆ ಉಡುಪಿಗೆ ಒಯ್ದು ಕೊಡುವುದು. "ಮಾಸ್ಟ್ರು ಇದ್ದಾರಲ್ಲ, ನಮಗೆಂತ ಗೊತ್ತುಂಟು" ಎಂದು ಸಹಿ ಹಾಕುತ್ತಿದ್ದರು. ಒಬ್ಬರಾದರೂ ಎರಡು ಸಲ ಯೋಚಿಸಿದ ನೆನಪಿಲ್ಲ.

ನನಗೆ ಅದು ಎಷ್ಟು ಹಿಡಿಸಿತ್ತು ಎಂದರೆ — ಹೇಳಿಯೇಬಿಡುತ್ತೇನೆ — ವರ್ಷವಿಡೀ ನಾನು ಕಾಯುತ್ತಿದ್ದದ್ದೇ ಆ ಎರಡು ವಾರಗಳಿಗೆ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿ ಕೂರುತ್ತಿದ್ದೆ. ಜಾತಕ ನೋಡುವವರ ಹಾಗೆ ಅಂಕಪಟ್ಟಿ ಕೈಗೆತ್ತಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತೀರ್ಪು. ಸುಮ್ಮನಿರುವ ಅಗತ್ಯವೇನೂ ಇರಲಿಲ್ಲ, ನನ್ನ ಸೂತ್ರ ಅಷ್ಟು ಸರಳವಾದದ್ದು. ಲೆಕ್ಕದಲ್ಲಿ ಅರುವತ್ತರ ಮೇಲೆ ಬಂದ ಹುಡುಗನಿಗೆ ಸಯನ್ಸ್. ಅದಕ್ಕಿಂತ ಕೆಳಗಿನ ಹುಡುಗನಿಗೆ ಕಾಮರ್ಸ್, ಯಾವುದಾದರೂ ಬ್ಯಾಂಕಿನಲ್ಲಿ ಒಂದು ಕುರ್ಚಿ ಸಿಕ್ಕೀತು. ಹುಡುಗಿಯರಿಗೆ, ತೀರಾ ಜಾಣೆಯರನ್ನು ಬಿಟ್ಟರೆ, ಆರ್ಟ್ಸ್. ಮದುವೆಯ ಮಾತು ಬರುವಾಗ ಹೆಸರಿನ ಮುಂದೆ ಒಂದು ಡಿಗ್ರಿ ಇದ್ದರಾಯಿತು. ಇದನ್ನು ನಾನು ಮಾರ್ಗದರ್ಶನ ಎಂದು ಕರೆಯುತ್ತಿದ್ದೆ.

ಎಪ್ಪತ್ತರ ದಶಕ ಅರ್ಧ ದಾಟಿದ್ದ ಒಂದು ವರ್ಷ, ಆ ಜಗಲಿಗೆ ಜಯಂತಿ ಬಂದಳು. ಅವಳ ಅಪ್ಪ ಬಾಬಣ್ಣ ಮುಂಬಯಿಯಲ್ಲಿ ಹೋಟೆಲಿನ ಅಡುಗೆಯವರು. ಎಲ್ಲರ ಹಾಗೆ ಖಾಲಿ ಫಾರಮ್ಮಿಗೆ ಸಹಿ ಹಾಕಿ ಹೋಗಿ ಹತ್ತು ದಿನವಾಗಿತ್ತು. ತಾಯಿ ಗಿರಿಜಕ್ಕ ಮಗಳ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರಿಗೆ ಓದು ಬರಹ ಬಾರದು. ಜಯಂತಿಯ ಅಂಕಪಟ್ಟಿ ನೋಡಿದೆ. ವಿಜ್ಞಾನದಲ್ಲಿ ಎಪ್ಪತ್ತೊಂದು, ಲೆಕ್ಕದಲ್ಲಿ ಐವತ್ತೆರಡು.

"ಆರ್ಟ್ಸ್ ಬರೆಯುತ್ತೇನೆ" ಎಂದೆ.

"ಬೇಡ ಸರ್, ನನಗೆ ಸಯನ್ಸ್ ಬೇಕು" ಎಂದಳು ಅವಳು. ಕಾರಣವನ್ನೂ ಹೇಳಿದಳು. ಹಿಂದಿನ ವರ್ಷ ತಾಯಿಗೆ ಕಾಮಾಲೆಯಾಗಿ ಮಣಿಪಾಲದ ಆಸ್ಪತ್ರೆಯಲ್ಲಿ ಇಟ್ಟಿದ್ದಾಗ, ರಕ್ತದ ಶೀಶೆಯನ್ನು ಪರೀಕ್ಷೆಯ ಕೋಣೆಗೆ ಒಯ್ದು ಕೊಟ್ಟಿದ್ದವಳು ಇವಳೇ ಅಂತೆ. ಅಲ್ಲಿ ಬಿಳಿ ಕೋಟು ಹಾಕಿದ ಹೆಂಗಸೊಬ್ಬಳು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುತ್ತಿದ್ದಳಂತೆ. ಬಾಗಿಲಲ್ಲಿ ನಿಂತ ಇವಳನ್ನು ಕರೆದು ಒಂದು ಕ್ಷಣ ನೋಡಲು ಬಿಟ್ಟಳಂತೆ. ಆ ಕೆಲಸಕ್ಕೆ ಸಯನ್ಸೇ ಬೇಕು ಎಂದು ಅಲ್ಲಿಯೇ ವಿಚಾರಿಸಿಕೊಂಡು ಬಂದಿದ್ದಳು. ಹದಿನಾರು ವರ್ಷದ ಹುಡುಗಿ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಆ ಜಗಲಿಯಲ್ಲಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮೆಚ್ಚಬೇಕಿತ್ತು. ನಾನು ಮಾಡಿದ್ದೇನು? ನಕ್ಕೆ.

"ನಿನಗೆ ಲೆಕ್ಕ ತಲೆಗೆ ಹತ್ತುವುದಿಲ್ಲವಲ್ಲ ಮಗಾ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ನಿಮ್ಮ ಕ್ಲಾಸಲ್ಲಿ ಹತ್ತಲಿಲ್ಲ ಸರ್" ಎಂದಳು. "ಪರೀಕ್ಷೆಗೆ ಮೊದಲು ನಾನೇ ಪುಸ್ತಕ ನೋಡಿ ಮೊದಲಿನಿಂದ ಮಾಡ್ತಾ ಬಂದೆ. ಆಗ ಹತ್ತಿತು. ಇನ್ನೊಂದು ತಿಂಗಳು ಸಿಕ್ಕಿದ್ದರೆ ಜಾಸ್ತಿ ಬರ್ತಿತ್ತು."

ಉದ್ಧಟತನದಿಂದ ಹೇಳಿದ್ದಲ್ಲ. ಈಗ ಆ ಮುಖವನ್ನು ನೆನಪಿಸಿಕೊಂಡರೆ ಖಂಡಿತವಾಗಿ ಹೇಳಬಲ್ಲೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅಷ್ಟೆ. ಆದರೆ ಸರದಿಗೆ ಕಾಯುತ್ತಿದ್ದ ಇಬ್ಬರು ಗಂಡಸರು ಗೊಳ್ಳೆಂದು ನಕ್ಕರು. "ಮಾಸ್ಟ್ರೇ, ಈ ವರ್ಷ ಪರೀಕ್ಷೆ ನಿಮಗೇ ಮಾರಾಯ್ರೆ!" ಎಂದ ಒಬ್ಬ. ನಾನೂ ನಕ್ಕೆ. ಅವರಿಗಿಂತ ಜೋರಾಗಿಯೇ ನಕ್ಕೆ. "ಆಗಲಿ ಮಗಾ, ಸಯನ್ಸ್ ಅಂತಲೇ ಬರೆಯೋಣ" ಎಂದೆ. ಅವಳು ತಾಯಿಯ ಕಡೆ ತಿರುಗಿ ತುಳುವಿನಲ್ಲಿ ಅದನ್ನು ಹೇಳಿದಳು; ಗಿರಿಜಕ್ಕ ನನಗೆ ಎರಡೂ ಕೈ ಮುಗಿದು ಹೋದರು.

ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಇದ್ದೆ. ಬುತ್ತಿ ಉಂಡು, ಕೈ ತೊಳೆದು, ಕನ್ನಡಕ ಒರೆಸಿ ಫಾರಮ್ಮುಗಳನ್ನು ತುಂಬಿಸಲು ಕೂತೆ. ಜಯಂತಿಯದು ಕೈಗೆ ಬಂದಾಗ ಆ ನಗು ಕಿವಿಯಲ್ಲಿ ಹಾಗೆಯೇ ಇತ್ತು. ಇಪ್ಪತ್ತು ವರ್ಷ ಲೆಕ್ಕ ಹೇಳಿಕೊಟ್ಟ ನನಗೆ, ಎರಡು ಜಡೆಯ ಹುಡುಗಿ ಹತ್ತು ಜನರ ಎದುರು — ಇರಲಿ. ಆರ್ಟ್ಸ್ ಎಂದು ಬರೆದೆ. ಅಕ್ಷರ ಎಂದಿಗಿಂತ ದುಂಡಗೆ ಬಂತು. ಕೆಳಗೆ ಬಾಬಣ್ಣನ ಸಹಿ ಮೊದಲೇ ಇತ್ತು, ಕನ್ನಡದಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದದ್ದು. ನೋಡಿದವರಿಗೆ ಅಪ್ಪನೇ ಮಗಳಿಗೆ ಆರ್ಟ್ಸ್ ಕೇಳಿದ ಹಾಗೆ ಕಾಣುತ್ತಿತ್ತು.

ಇನ್ನೂ ಒಂದು ಇದೆ. ಇದನ್ನು ಬಿಟ್ಟರೆ ಇಷ್ಟು ಬರೆದದ್ದೂ ದಂಡ. ಕಟ್ಟನ್ನು ಉಡುಪಿಗೆ ಒಯ್ದು ಕೊಟ್ಟಾಗ ಕಾಲೇಜಿನ ಗುಮಾಸ್ತರು, ನನ್ನ ಪರಿಚಯದವರು, "ಎಂತ ಮಾಸ್ಟ್ರೇ, ಈ ಸಲ ನಿಮ್ಮಲ್ಲಿಂದ ಸಯನ್ಸಿಗೆ ಹುಡುಗಿಯರೇ ಇಲ್ವಾ? ನಮ್ಮಲ್ಲಿ ಜಾಗ ಉಂಟು" ಎಂದರು. ಜಾಗ ಉಂಟು. ಆ ಫಾರಂ ನನ್ನ ಕೈಯಿಂದ ಒಂದು ಮೊಳ ದೂರದಲ್ಲಿ ಮೇಜಿನ ಮೇಲಿತ್ತು. ಎಳೆದುಕೊಂಡು ಒಂದು ಪದ ಹೊಡೆದುಹಾಕಿ ಇನ್ನೊಂದು ಪದ ಬರೆಯಲು ಎಷ್ಟು ಹೊತ್ತು ಬೇಕಿತ್ತು? ನಾನು "ನೋಡುವ, ಬರುವ ವರ್ಷ" ಎಂದೆ. ಹೊರಗೆ ಬಂದು ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಬಸ್ಸು ಹಿಡಿದೆ.

ಪಟ್ಟಿ ಹಾಕಿದ ದಿನ ಜಯಂತಿ ಉಡುಪಿಗೆ ಹೋಗಿ ಬೋರ್ಡು ನೋಡಿಕೊಂಡು, ನೇರವಾಗಿ ಶಾಲೆಗೆ ಬಂದಳು. ಮಳೆಗೆ ಕೊಡೆ ಇದ್ದೂ ಅರ್ಧ ನೆನೆದಿದ್ದಳು. ಹೆಸರು ಆರ್ಟ್ಸಿನ ಪಟ್ಟಿಯಲ್ಲಿ ಬಂದಿದೆ, ಏನೋ ತಪ್ಪಾಗಿರಬೇಕು, ನೀವೊಮ್ಮೆ ವಿಚಾರಿಸಬಹುದಾ ಸರ್ ಎಂದಳು. ಆಗಲೂ ದಾರಿ ಇತ್ತು. ಹೌದು ಮಗಾ, ತಪ್ಪಾಗಿದೆ, ಬಾ ಹೋಗುವ ಎನ್ನಬಹುದಿತ್ತು. ತಪ್ಪು ಯಾರದೆಂದು ಹೇಳದೆಯೂ ಅನ್ನಬಹುದಿತ್ತು. ನಾನು ಹೇಳಿದ್ದು ಇದು:

"ಲೆಕ್ಕದಲ್ಲಿ ಅಂಕ ಸಾಲದು ಅಂತ ಕಾಲೇಜಿನವರೇ ನಿನ್ನನ್ನು ಆರ್ಟ್ಸಿಗೆ ಹಾಕಿದ್ದಾರೆ ಮಗಾ. ಸಿಕ್ಕಿದ್ದನ್ನು ಬಿಡಬೇಡ."

ಅವಳು ಅಳಲಿಲ್ಲ. "ಹೌದಾ ಸರ್" ಎಂದಳು. "ನೀವು ಹೇಳಿದ್ದೇ ಸರಿ ಆಯ್ತು" ಎಂದಳು. ಕೊಡೆ ಬಿಡಿಸಿಕೊಂಡು ಹೋದಳು. ಆ ಕೊನೆಯ ಮಾತು — ನನಗೆ ಬೇಕಾಗಿದ್ದದ್ದು ಅದೇ ಅಲ್ಲವೇ? ಹತ್ತು ಜನರ ಎದುರು ಹೋದದ್ದು ಅವಳ ಬಾಯಿಂದಲೇ ತಿರುಗಿ ಬಂತು. ಅದರ ರುಚಿ ಎರಡು ದಿನವೂ ಉಳಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ನನಗೆ ಹೇಳಿಕೊಂಡ ಸಮಾಧಾನಗಳನ್ನು ಬರೆದರೆ ಒಂದು ನೋಟುಪುಸ್ತಕ ತುಂಬೀತು. ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿನಲ್ಲಿ ವಿಜ್ಞಾನ ಓದಬೇಕಾಗಿ ಬಂದು ಎಷ್ಟೋ ಮಂದಿ ಫೇಲಾಗುತ್ತಿದ್ದದ್ದು ನಿಜ. ಅವಳೂ ಆಗುತ್ತಿದ್ದಳು ಎಂದುಕೊಂಡೆ. ಅವಳು ಬಿಎ ಮುಗಿಸಿ ಬಿಎಡ್ ಮಾಡಿ ಟೀಚರ್ ಆಗಿದ್ದಾಳೆ ಎಂದು ಕೇಳಿದಾಗ, ನೋಡಿ, ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಇಷ್ಟರಲ್ಲೇ ನಿಲ್ಲಿಸಿದ್ದರೂ ಆಗುತ್ತಿತ್ತು. ನನ್ನ ನಿವೃತ್ತಿಯ ಸಮಾರಂಭದಲ್ಲಿ, ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು, "ಯಾರಿಗೆ ಯಾವ ವಿಷಯ ಎಂದು ಗುರುತಿಸುವುದು ಗುರುವಿನ ಕೆಲಸ, ನಮ್ಮ ಜಯಂತಿಯನ್ನು ಆರ್ಟ್ಸಿಗೆ ಕಳಿಸಿದವನು ನಾನೇ" ಎಂದೆ. ಚಪ್ಪಾಳೆ ಬಿತ್ತು. ನಾನು ಸತ್ಯವನ್ನೇ ಹೇಳಿದ್ದೆ ನೋಡಿ, ಚಪ್ಪಾಳೆ ಸಿಗುವ ಹಾಗೆ ಹೇಳಿದ್ದೆ. ಆ ದಿನ ಅವಳು ಬಂದಿರಲಿಲ್ಲ, ಪುಣ್ಯ.

ನಿವೃತ್ತನಾಗಿ ಕಾರ್ಕಳಕ್ಕೆ ಬಂದೆ. ನಮ್ಮ ಪಕ್ಕದ ಮನೆಯಲ್ಲಿ ಲವೀನಾ ಎಂಬ ಹುಡುಗಿ. ತಂದೆ ಗಲ್ಫಿನಲ್ಲಿ, ತಾಯಿ ಮತ್ತು ಇವಳು ಮಾತ್ರ ಇಲ್ಲಿ. ಈ ವರ್ಷ ಹತ್ತನೆಯದು ಮುಗಿಸಿದಳು. ನರ್ಸ್ ಆಗಬೇಕು, ಅದಕ್ಕೆ ಸಯನ್ಸ್ ತೆಗೆದುಕೊಳ್ಳಬೇಕು ಎಂದು ಅವಳ ಆಸೆ. ಬೇಲಿಯ ಆಚೆಯಿಂದ ನೂರು ಸಲ ಹೇಳಿದ್ದಳು. ಕಳೆದ ತಿಂಗಳು ಒಂದು ಸಂಜೆ ಅವಳ ಮುಖ ಸಪ್ಪಗಿತ್ತು. ಏನಾಯಿತೆಂದು ಕೇಳಿದೆ.

"ಲೆಕ್ಕದಲ್ಲಿ ಐವತ್ತನಾಲ್ಕೇ ಬಂದದ್ದು ಮಾಸ್ಟ್ರೇ. ಅಷ್ಟಕ್ಕೆ ಕಾಲೇಜಿನವರು ಸಯನ್ಸ್ ಕೊಡುವುದಿಲ್ಲ ಅಂತೆ. ಸುಮ್ಮನೆ ಕೇಳಿ ಇಲ್ಲ ಅಂತ ಹೇಳಿಸ್ಕೊಳ್ಳುವುದು ಯಾಕೆ, ಆರ್ಟ್ಸ್ ಬರಿ ಅಂತ ಹೇಳಿದ್ರು ನಮ್ಮ ಟೀಚರ್. ಅವರಿಗೇ ಹಾಗೆ ಆಗಿದೆಯಂತೆ. ನಾಡಿದ್ದು ಫಾರಂ ಕೊಡ್ಲಿಕ್ಕೆ ಕೊನೆಯ ದಿನ."

"ಯಾವ ಟೀಚರ್?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು ಅನಿಸುತ್ತದೆ.

"ಜಯಂತಿ ಟೀಚರ್. ಕಾಪುವಿನವರು. ನಿಮಗೆ ಗೊತ್ತುಂಟಾ?"

ನಾನು ಒಳಗೆ ಬಂದು ಕೂತೆ. ಅವಳು ಕಾರ್ಕಳದ ಶಾಲೆಗೆ ಬಂದಿದ್ದಾಳೆಂಬುದು ನನಗೆ ತಿಳಿದಿರಲಿಲ್ಲ. ಅದಲ್ಲ ನನ್ನನ್ನು ಕೂರಿಸಿದ್ದು. ನಾನು ಒಬ್ಬ ಹುಡುಗಿಗೆ ಹೇಳಿದ ಸುಳ್ಳು ಅಲ್ಲಿಗೆ ಮುಗಿದಿದೆ ಎಂದುಕೊಂಡಿದ್ದೆ. ಅವಳು ಅದನ್ನು ನಿಜವೆಂದು ನಂಬಿ, ಮಕ್ಕಳಿಗೆ ನೋವಾಗಬಾರದೆಂದು, ಒಳ್ಳೆಯ ಮನಸ್ಸಿನಿಂದ — ನಾನು ಹೇಳಿದ ಮಾತನ್ನೇ ಹೇಳುತ್ತಿದ್ದಾಳೆ. ಎಷ್ಟು ಮಕ್ಕಳಿಗೆ ಹೇಳಿರಬಹುದು? ನಾಡಿದ್ದು ಲವೀನಾಳ ಫಾರಮ್ಮಿನಲ್ಲೂ ಅದೇ ಹೋಗುತ್ತದೆ. ಲವೀನಾಳಿಗೆ ನಾನೇ ಬುದ್ಧಿ ಹೇಳಿ, ಟೀಚರ್ ಮಾತು ಕೇಳಬೇಡ, ಸಯನ್ಸ್ ಬರೆ ಎನ್ನಬಹುದಲ್ಲ ಎಂಬ ಯೋಚನೆ ಬಂತು. ಬಾರದೆ ಇರುತ್ತದೆಯೇ! ಅದರಲ್ಲಿ ನನ್ನ ಹೆಸರು ಎಲ್ಲೂ ಬರುವುದಿಲ್ಲ. ಆದರೆ ಮುಂದಿನ ವರ್ಷದ ಮಕ್ಕಳು? ಅದಕ್ಕಿಂತ — ಜಯಂತಿ? ಅವಳಿಗೆ ಇನ್ನೂ ಗೊತ್ತೇ ಇಲ್ಲವಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೋದೆ. ಸ್ಟಾಫ್ ರೂಮಿನ ಒಂದು ಮೂಲೆಯಲ್ಲಿ ಅವಳು ಫಾರಮ್ಮುಗಳನ್ನು ಜೋಡಿಸುತ್ತ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತು, "ಸರ್! ನೀವಾ! ಬನ್ನಿ, ಕೂತ್ಕೊಳ್ಳಿ" ಎಂದು ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟಳು. ಪಕ್ಕದಲ್ಲಿದ್ದ ಇನ್ನೊಬ್ಬ ಟೀಚರಿಗೆ "ನನ್ನ ಲೆಕ್ಕದ ಸರ್" ಎಂದು ಪರಿಚಯ ಮಾಡಿಕೊಟ್ಟಳು. ಆ ಟೀಚರ್ ತರಗತಿಗೆ ಹೋಗುವವರೆಗೆ ನಾನು ಮಳೆಯ ಬಗ್ಗೆ, ಬಸ್ಸಿನ ಬಗ್ಗೆ, ನನ್ನ ಮಂಡಿನೋವಿನ ಬಗ್ಗೆ ಮಾತಾಡಿದೆ. ಆಮೇಲೆ ಮಾತಾಡಲು ಏನೂ ಉಳಿಯಲಿಲ್ಲ.

"ಜಯಂತಿ, ನಿನ್ನ ಅರ್ಜಿಯಲ್ಲಿ ಸಯನ್ಸ್ ಅಂತ ಬರೆದಿರಲಿಲ್ಲ" ಎಂದೆ. "ನಾನು ಆರ್ಟ್ಸ್ ಅಂತ ಬರೆದಿದ್ದೆ. ಕಾಲೇಜಿನವರು ಏನೂ ಹೇಳಿರಲಿಲ್ಲ. ಜಾಗ ಇತ್ತು. ಜಾಗ ಉಂಟು ಅಂತ ನನಗೆ ಹೇಳಿದ್ದರು ಕೂಡ."

ಅವಳು ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟಳು.

"ಯಾಕೆ ಸರ್?"

"ಜಗಲಿಯಲ್ಲಿ ನೀನು ಹೇಳಿದ ಮಾತಿಗೆ ಅವರು ನಕ್ಕರಲ್ಲ. ಅದಕ್ಕೆ."

ಯಾವ ಮಾತು ಎಂದು ಅವಳಿಗೆ ನೆನಪೇ ಇರಲಿಲ್ಲ. ನಾನು ನೆನಪಿಸಿದೆ. ಹನ್ನೊಂದು ವರ್ಷ ನಾನು ಹೊತ್ತುಕೊಂಡಿದ್ದ ಅವಮಾನ, ಆಡಿದವಳಿಗೆ ನೆನಪೂ ಇಲ್ಲ. ಅವಳು ಮೇಜಿನ ಮೇಲಿನ ಫಾರಮ್ಮುಗಳ ಅಂಚು ಸರಿಮಾಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಾಗಾದ್ರೆ ಅವರು ನನ್ನನ್ನು ಬೇಡ ಅಂತ ಹೇಳಲೇ ಇಲ್ಲ?" ಎಂದಳು ಕೊನೆಗೆ.

"ಇಲ್ಲ."

"ನನ್ನ ಅಂಕ ಸಾಲದು ಅಂತ ಯಾರೂ ಹೇಳಲಿಲ್ಲ?"

"ಹೇಳಿದ್ದು ನಾನೊಬ್ಬನೇ."

ಅವಳು ನಕ್ಕಳು. ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರು ಬಂತು. "ಅದೇ ಕಾಲೇಜಲ್ಲಿ ಐದು ವರ್ಷ ಓದಿದೆ ಸರ್. ನಮ್ಮ ಕ್ಲಾಸಿಗೆ ಹೋಗ್ಬೇಕಾದ್ರೆ ಲ್ಯಾಬಿನ ಬಾಗಿಲು ದಾಟಿಯೇ ಹೋಗ್ಬೇಕು. ಐದು ವರ್ಷವೂ ತಲೆ ತಗ್ಗಿಸಿ ಹೋಗ್ತಿದ್ದೆ ಗೊತ್ತುಂಟಾ? ಒಳಗಿದ್ದವರಿಗೆಲ್ಲ ನನ್ನ ಮಾರ್ಕು ಗೊತ್ತುಂಟು, ಇವಳನ್ನು ನಾವೇ ತೆಗೆದುಹಾಕಿದ್ದು ಅಂತ ಹೇಳ್ತಾರೆ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅಷ್ಟೂ ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಅಲ್ವಾ! ಅಬ್ಬ. ನನಗೆ ಎಂತದೋ ಇಳಿದ ಹಾಗೆ ಆಗ್ತದೆ ಸರ್."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನನಗೂ ಹಾಗೆಯೇ ಆಗಿತ್ತು, ಎದೆಯ ಮೇಲಿಂದ ಒಂದು ಚಪ್ಪಡಿ ಎತ್ತಿದ ಹಾಗೆ. ಆದರೆ ಅವಳ ಎದುರು ಅದನ್ನು ಹೇಳಲು ನಾಚಿಕೆಯಾಯಿತು. ಅವಳ ನಿರಾಳಕ್ಕೆ ಅವಳಿಗೆ ಹಕ್ಕಿತ್ತು. ನನಗೆಲ್ಲಿಯ ಹಕ್ಕು?

ಆಮೇಲೆ ಸಿಟ್ಟು ಬಂತು ಅವಳಿಗೆ. ನಾನು ಎಣಿಸಿದ್ದ ಕಾರಣಕ್ಕಲ್ಲ. "ಮೂರು ವರ್ಷದಿಂದ ಈ ಶಾಲೆಯಲ್ಲಿ ಮಕ್ಕಳ ಫಾರಂ ನೋಡುವುದು ನಾನು. ನನಗೆ ಹೀಗಾಗಿದೆ, ನಿಮಗೆ ಬೇಡ ಅಂತ ಎಷ್ಟು ಮಕ್ಕಳಿಗೆ ಹೇಳಿದ್ದೇನೆ! ನನ್ನ ಬಾಯಲ್ಲಿ ನೀವು ಹೇಳಿಸಿದ್ದಲ್ವಾ ಸರ್ ಅದು?" ಎಂದಳು. ಧ್ವನಿ ಏರಿಸಲಿಲ್ಲ. ಹೌದು ಎಂದೆ.

ಅವಳು ಬಾಗಿಲಿಗೆ ಹೋಗಿ, ಫಾರಂ ಕೆಲಸಕ್ಕೆ ಬಂದು ಹೊರಗೆ ಕಾಯುತ್ತಿದ್ದ ಲವೀನಾಳನ್ನು ಕರೆದಳು. ಕಟ್ಟಿನಿಂದ ಅವಳ ಫಾರಂ ತೆಗೆದು, ಆಗಲೇ ತುಂಬಿಸಿದ್ದದ್ದು, ಪಕ್ಕಕ್ಕಿಟ್ಟು ಹೊಸದೊಂದನ್ನು ಕೊಟ್ಟಳು. "ನಾನು ನಿನಗೆ ತಪ್ಪು ಹೇಳಿದೆ ಮಗಾ" ಎಂದಳು, ಯಾವ ಪೀಠಿಕೆಯೂ ಇಲ್ಲದೆ. "ಅವರು ಕೊಡುವುದಿಲ್ಲ ಅಂತ ನನಗೆ ಗೊತ್ತಿಲ್ಲ. ಕೇಳಿದರೆ ಗೊತ್ತಾಗ್ತದೆ. ಕಷ್ಟ ಉಂಟು, ಎಲ್ಲ ಇಂಗ್ಲಿಷಲ್ಲಿ ಓದ್ಬೇಕು. ನಿನಗೆ ಎಂತ ಬೇಕು?"

ಲವೀನಾ ನನ್ನ ಮುಖ ನೋಡಿದಳು, ಟೀಚರ್ ಮುಖ ನೋಡಿದಳು. "ಸಯನ್ಸ್" ಎಂದಳು.

"ಹಾಗಾದ್ರೆ ನೀನೇ ಬರಿ."

ಆ ಹುಡುಗಿ ಮೇಜಿಗೆ ಬಗ್ಗಿ ತಾನೇ ಬರೆದಳು. ಇಷ್ಟು ವರ್ಷ ಜಗಲಿಯಲ್ಲಿ ಕೂತು ನಾನು ಎಷ್ಟೋ ಮಕ್ಕಳ ಅಂಕ ನೋಡಿದೆ. ನಿನಗೆ ಎಂತ ಬೇಕು ಎಂದು ಒಬ್ಬರನ್ನೂ ಕೇಳಿದ್ದಿಲ್ಲ. ಬರೆದದ್ದನ್ನು ತಾಯಿಗೆ ತೋರಿಸಿ, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಂಡು ಬಾ ಎಂದು ಜಯಂತಿ ಅವಳನ್ನು ಕಳಿಸಿದಳು. ಹುಡುಗಿ ಓಡಿದ ರಭಸ ನೋಡಿ ನಾವಿಬ್ಬರೂ ಒಟ್ಟಿಗೆ ನಕ್ಕೆವು. ನಕ್ಕದ್ದು ಅರಿವಾಗಿ ಅವಳು ಮತ್ತೆ ಫಾರಮ್ಮುಗಳನ್ನು ಜೋಡಿಸತೊಡಗಿದಳು.

ನಾನು ಎದ್ದಾಗ ಅವಳು ತಡೆದಳು. "ಅಪ್ಪ ಈಗ ಊರಲ್ಲಿಯೇ ಇದ್ದಾರೆ. ಮುಂಬಯಿ ಬಿಟ್ಟು ಎರಡು ವರ್ಷ ಆಯ್ತು. ಅವರಿಗೆ ಹೇಳ್ಬೇಕು ಸರ್. ನಾನು ಹೇಳುವುದಿಲ್ಲ. ನೀವೇ ಹೇಳ್ಬೇಕು."

ಲವೀನಾಳ ಹೆಸರು ಸಯನ್ಸಿನ ಪಟ್ಟಿಯಲ್ಲಿ ಬಂದದ್ದನ್ನು ನೋಡಿದ ಮೇಲಿನ ಭಾನುವಾರ ಕಾಪುವಿಗೆ ಹೊರಟೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಂದ ಹಿಂದಕ್ಕೆ ಹೋಗುವ ಬಸ್ಸೂ ಪಕ್ಕದಲ್ಲೇ ನಿಂತಿತ್ತು, ಕಂಡಕ್ಟರ್ ಕಾರ್ಕಳ ಕಾರ್ಕಳ ಎಂದು ಕೂಗುತ್ತಿದ್ದ. ಹತ್ತಲಿಲ್ಲ. ಇದನ್ನು ದೊಡ್ಡದಾಗಿ ಹೇಳಿಕೊಳ್ಳುತ್ತಿಲ್ಲ, ಹತ್ತುವ ಮನಸ್ಸಾಗಿತ್ತು ಎಂದು ಹೇಳುತ್ತಿದ್ದೇನೆ.

ಬಾಬಣ್ಣ ಜಗಲಿಯಲ್ಲಿ ಕೂತು ಕತ್ತಿಯಿಂದ ತೆಂಗಿನ ಗರಿಯ ಕಡ್ಡಿ ತೆಗೆಯುತ್ತಿದ್ದರು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದರು. ಜಯಂತಿ ಮೊದಲೇ ಬಂದಿದ್ದಳು. ಕಂಬಕ್ಕೆ ಒರಗಿ ನಿಂತಳು. ಒಳಗೆ ಗಿರಿಜಕ್ಕ ಅರೆಯುವ ಸದ್ದು ಕೇಳುತ್ತಿತ್ತು. ನಾನು ಕೂತುಕೊಳ್ಳದೆ, ತುಳುವಿನಲ್ಲಿ, ಎಲ್ಲವನ್ನೂ ಹೇಳಿದೆ — ಸಹಿ ಹಾಕಿದ ಖಾಲಿ ಫಾರಂ, ನಾನು ಬರೆದದ್ದು, ಕಾಲೇಜಿನ ಹೆಸರಿನಲ್ಲಿ ಹೇಳಿದ ಸುಳ್ಳು.

ಬಾಬಣ್ಣ ಇನ್ನೊಂದು ಕಡ್ಡಿ ತೆಗೆದು ಪಕ್ಕಕ್ಕಿಟ್ಟರು. "ಆಗಲಿ ಮಾಸ್ಟ್ರೇ" ಎಂದರು ಆಮೇಲೆ. "ಅವಳ ಒಳ್ಳೆಯದಕ್ಕೇ ಮಾಡಿದ್ದಲ್ವಾ ನೀವು. ಈಗ ಟೀಚರ್ ಆಗಿದ್ದಾಳಲ್ಲ. ಓದದೆ ಸಹಿ ಹಾಕಿದ್ದು ನಾನು."

ಅವರು ನನಗೆ ಬಾಗಿಲು ತೆರೆದುಕೊಟ್ಟಿದ್ದರು. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಹನ್ನೊಂದು ವರ್ಷ ನಾನೇ ನನಗೆ ಹೇಳಿಕೊಂಡದ್ದನ್ನು ಈಗ ಅವರೇ ಹೇಳುತ್ತಿದ್ದರು.

"ಅಲ್ಲ ಬಾಬಣ್ಣ. ಒಳ್ಳೆಯದಕ್ಕಲ್ಲ. ಅವಳ ಮೇಲೆ ಸಿಟ್ಟು ಬಂದು ಮಾಡಿದ್ದು. ನೀವು ಓದಲು ಅದರಲ್ಲಿ ಏನೂ ಇರಲಿಲ್ಲ. ನನ್ನನ್ನು ನಂಬಿ ಸಹಿ ಹಾಕಿದ್ದಿರಿ."

"ಹಾಗಾದ್ರೆ ನಾನು ಊರಲ್ಲಿ ಇದ್ದಿದ್ದರೂ —" ಎಂದು ನಿಲ್ಲಿಸಿದರು. ಒಳಗೆ ಅರೆಯುವ ಸದ್ದು ಹಾಗೆಯೇ ನಡೆದಿತ್ತು. "ಗಿರಿಜಾ ಇವತ್ತಿಗೂ ಹೇಳ್ತಾಳೆ ಮಾಸ್ಟ್ರೇ. ಅಪ್ಪ ಅಂತ ಒಬ್ಬ ಊರಲ್ಲಿ ಇದ್ದಿದ್ದರೆ ಕಾಲೇಜಿನವರ ಹತ್ತಿರ ಹೋಗಿ ಕೇಳ್ತಿದ್ದ, ಮಗಳಿಗೆ ಸೀಟು ಸಿಗ್ತಿತ್ತು, ಇವರಿಗೆ ಹೋಟೆಲೇ ದೊಡ್ಡದಾಯ್ತು ಅಂತ. ನಾನೂ ಹೌದು ಅಂತಲೇ ಎಣಿಸಿದ್ದೆ."

"ನಿಮ್ಮ ತಪ್ಪು ಏನೂ ಇಲ್ಲ. ನನ್ನದೇ" ಎಂದೆ.

ಅವರು ಕತ್ತಿಯನ್ನು ಕೆಳಗಿಟ್ಟು, ನನ್ನನ್ನು ದಾಟಿ ಬಾಗಿಲಿನ ಕಡೆ ನೋಡಿದರು. "ಗಿರಿಜಾ, ಅರೆಯುವುದು ಒಮ್ಮೆ ನಿಲ್ಲಿಸು" ಎಂದು ಕೂಗಿದರು. ಸದ್ದು ನಿಂತಿತು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಮ್ಮೆ ಹೇಳಿ ಮಾಸ್ಟ್ರೇ. ಅವಳಿಗೆ ಕೇಳುವ ಹಾಗೆ ಹೇಳಿ" ಎಂದರು.

ನಾನು ಬಾಗಿಲಿನ ಕಡೆ ತಿರುಗಿ, ಮೊದಲಿನಿಂದ, ಜೋರಾಗಿ ಹೇಳಿದೆ.